ಔರಾದಿನ ಸಾಲುಗಳನ್ನು ಹಿಡಿದಿಟ್ಟವನು

ಜಗದೇವಿಯವರೇ, ಆ ಬರಗಾಲದ ಬೇಸಿಗೆಯಲ್ಲಿ ಔರಾದಿನ ಟ್ಯಾಂಕರ್‌ಗಳು ಬಿಸಿಲಲ್ಲಿ ನಿಂತು ನಿಂತು ಕಾದದ್ದಕ್ಕೆ ಕಾರಣ ನೀವಲ್ಲ, ನಾನು. ನಿಮ್ಮ ಕೆಲಸ ಹೋದದ್ದೂ ನನ್ನಿಂದಲೇ. ಇದು ನನಗೆ ಈಗ ಹೊಳೆದದ್ದಲ್ಲ — ನೀವು ಊರು ಬಿಡುವ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ನಾನಾಗ ಬೀದರಿನ ಕೊಳಾರದಲ್ಲಿ ಟ್ಯಾಂಕರ್ ಗುತ್ತಿಗೆ ಹಿಡಿದಿದ್ದ ಮಾಲಕರ ಆಫೀಸಿನಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಿದ್ದೆ. ಭಾಲ್ಕಿಯಲ್ಲಿ ಒಬ್ಬ ಆಪರೇಟರ್, ಔರಾದಿನಲ್ಲಿ ನೀವು. ಹಳ್ಳಿಗೊಂದು ಸಾಲಿನಂತೆ ಕೆಲಸವೆಲ್ಲ ಕಂಪ್ಯೂಟರಿನ ಒಂದೇ ಟೇಬಲ್ಲಿನಲ್ಲಿ ನಡೆಯುತ್ತಿತ್ತು. ಗಾಡಿ ನೀರು ಸುರಿದು ಬಂದರೆ ನೀವು ಆ ಹಳ್ಳಿಯ ಸಾಲಿನಲ್ಲಿ ‘ನೀರು ತಲುಪಿತು’ ಎಂದು ಅಪ್‌ಡೇಟ್ ಮಾಡಬೇಕು. ಅದು ಆದರೆ ಮಾತ್ರ ಮುಂದಿನ ಟ್ರಿಪ್ಪಿನ ಚೀಟಿ. ನಿಮ್ಮ ಮನೆಯವರೆಲ್ಲ ಕೂಲಿಗೆಂದು ಹೈದರಾಬಾದಿಗೆ ಹೋಗಿದ್ದರು. ಈ ಕೆಲಸ ಇದೆಯೆಂದೇ, ಮಗಳು ಪ್ರಜ್ಞಾಳ ಶಾಲೆ ತಪ್ಪಬಾರದೆಂದೇ ನೀವು ಅವಳನ್ನಿಟ್ಟುಕೊಂಡು ಔರಾದಿನಲ್ಲಿ ಉಳಿದಿದ್ದಿರಿ. ಅದೂ ನನಗೆ ಗೊತ್ತಿತ್ತು.

ಬೆಳಗಾದರೆ ನಿಮ್ಮ ಫೋನು ಬರುತ್ತಿತ್ತು. “ಸರ್, ಬಟನ್ ಒತ್ತಿದ ಮ್ಯಾಲ ಬರೀ ಚಕ್ರ ತಿರಗತದರಿ, ಮುಂದ ಹೋಗವಲ್ತು. ಡ್ರೈವರ್‌ಗೋಳು ಬಾಯಿಗಿ ಬಂದಂಗ ಬೈಲತ್ತಾರರಿ.”

ನಾನು ಹುಡುಕಲಿಲ್ಲವೆಂದಲ್ಲ. ಮೊದಲು ನಿಮ್ಮ ಲೈನ್ ಸರಿಯಿಲ್ಲವೆಂದುಕೊಂಡೆ. ಆಮೇಲೆ ನೋಡಿದರೆ ಹಳ್ಳಿಯ ಹೆಸರಿಗೆ ಇಂಡೆಕ್ಸೇ ಇರಲಿಲ್ಲ — ಒಂದು ಸಾಲು ತಿದ್ದಲು ಸರ್ವರ್ ಇಡೀ ಟೇಬಲ್ ತಡಕಾಡುತ್ತಿತ್ತು. ಇಂಡೆಕ್ಸ್ ಹಾಕಿದೆ. ಭಾಲ್ಕಿಯ ಅಪ್‌ಡೇಟ್‌ಗಳು ಓಡತೊಡಗಿದವು. ಔರಾದಿನವು ಮಾತ್ರ ಇದ್ದಲ್ಲೇ ಇದ್ದವು. ಆದರೆ ಬೆಳಗಿನ ಮೀಟಿಂಗ್ ಮುಗಿಸಿ ನಾನು ನೋಡುವ ಹೊತ್ತಿಗೆ, ಅಂದರೆ ಮಧ್ಯಾಹ್ನದ ಮೇಲೆ, ಅವೂ ಸರಿಯಾಗಿಯೇ ಇರುತ್ತಿದ್ದವು. ಹಾಗಾದರೆ ಟೇಬಲ್ಲಿನದೇನೂ ತಪ್ಪಿಲ್ಲ ಎಂದುಕೊಂಡೆ. ತನ್ನ ಕೆಲಸವನ್ನು ತಾನೇ ಪರೀಕ್ಷಿಸಿ ತಾನೇ ಪಾಸು ಮಾಡಿಕೊಳ್ಳುವ ಜಾಣ ನಾನು.

ಒಂದು ದಿನ ಬೆಳಗಿನ ಮೀಟಿಂಗಿನಲ್ಲಿ ಮಾಲಕರು ಸಿಟ್ಟಿನಿಂದ ಕೇಳಿದರು, “ಭಾಲ್ಕಿದು ಸರಿ ಆಯ್ತು, ಔರಾದಿಂದು ಯಾಕ ಲೇಟ್ ಆಗ್ಲತ್ತದ?” ಎಲ್ಲರೂ ನನ್ನ ಮುಖ ನೋಡಿದರು. ನಾನು ಹೇಳಿದೆ — ಎಷ್ಟು ಹಗುರಾಗಿ ಹೇಳಿದೆ — “ಸಿಸ್ಟಮ್ ಬರಾಬರ್ ಅದರಿ. ಅಲ್ಲಿ ಆಪರೇಟರ್ ಹೆಣ್ಮಗಳದು ಕೈ ನಿಧಾನ.”

“ಹಂಗಾದ್ರ ನಾಳಿಯಿಂದ ಬ್ಯಾರೆಯವರಿಗಿ ಕೂಡಸ್ರಿ” ಎಂದು ಅಲ್ಲೇ ತೀರ್ಮಾನವಾಯಿತು.

ಮೀಟಿಂಗ್ ನಡೆದಿರುವಾಗಲೇ ನಿಮ್ಮ ಫೋನ್ ಬಂತು. ಕಿರಿಕಿರಿಯಿಂದ ಎದ್ದು ನನ್ನ ಜಾಗಕ್ಕೆ ಬಂದೆ. ಅಪ್‌ಡೇಟ್ ಸಿಕ್ಕಿಕೊಂಡಿದ್ದಾಗಲೇ ನಾನು ಸರ್ವರ್ ಮುಂದೆ ಕೂತದ್ದು ಅದೇ ಮೊದಲು. ಯಾರು ಯಾರಿಗಾಗಿ ಕಾಯುತ್ತಿದ್ದಾರೆಂದು ತೆರೆದು ನೋಡಿದೆ. ನಿಮ್ಮ ಅಪ್‌ಡೇಟ್‌ಗಳು ಒಂದರ ಹಿಂದೊಂದು ನಿಂತಿದ್ದವು. ಎಲ್ಲಕ್ಕೂ ಮುಂದೆ ದಾರಿಗಡ್ಡ ಕೂತಿದ್ದವನ ಹೆಸರು — ನನ್ನದು.

ಔರಾದಿಗೆ ಮಾತ್ರ ಗಡಿಯಾಚೆಯಿಂದ ಬಾಡಿಗೆ ಗಾಡಿಗಳು ಬರುತ್ತಿದ್ದವು. ಯಾವ ಹಳ್ಳಿಗೆ ಯಾವ ಗಾಡಿ ಎಂಬುದು ದಿನಾ ಬದಲು. ಅದನ್ನು ಬೆಳಿಗ್ಗೆ ಔರಾದಿನ ಸಾಲುಗಳಲ್ಲೆಲ್ಲ ತಿದ್ದುತ್ತಿದ್ದವನು ನಾನೇ. ಆದರೆ ಮಾಲಕರು ಮೀಟಿಂಗಿನಲ್ಲಿ ಮನಸ್ಸು ಬದಲಿಸುತ್ತಾರೆಂದು, ತಿದ್ದಿದ್ದನ್ನು ಪಕ್ಕಾ ಮಾಡುವ ‘ಕಮಿಟ್’ ಒತ್ತದೆ, ಕೆಲಸವನ್ನು ಅರ್ಧಕ್ಕೇ ತೆರೆದಿಟ್ಟು ಮೀಟಿಂಗಿಗೆ ಹೋಗುತ್ತಿದ್ದೆ. ನಾನು ಬಂದು ಮುಗಿಸುವವರೆಗೆ ಆ ಸಾಲುಗಳಿಗೆ ಇನ್ನಾರೂ ಕೈಹಚ್ಚುವಂತಿರಲಿಲ್ಲ. ಇದನ್ನು ನಾನು ಎಚ್ಚರಿಕೆ ಎಂದುಕೊಂಡಿದ್ದೆ. ಆ ಎಚ್ಚರಿಕೆಯ ಹೊತ್ತಿನಲ್ಲಿ ಅಲ್ಲಿ ಹೆಂಗಸರು ಖಾಲಿ ಕೊಡ ಇಟ್ಟುಕೊಂಡು ದಾರಿ ಕಾಯುತ್ತಿದ್ದರು.

ಕಮಿಟ್ ಒತ್ತಿದೆ. ಫೋನಿನಲ್ಲಿ ನಿಮ್ಮ ದನಿ ಅರಳಿತು. “ಹಾಂ ಸರ್, ಹೋಯ್ತು ನೋಡ್ರಿ. ಏನ್ ಮಾಡಿದ್ರಿ?”

“ಏನಿಲ್ಲ” ಎಂದೆ.

“ಭಾಳ್ ಉಪಕಾರ ಆಯ್ತರಿ ಸರ್.”

ಮಾಲಕರ ಕೋಣೆ ಹತ್ತು ಹೆಜ್ಜೆಯೂ ದೂರವಿರಲಿಲ್ಲ. ಹೋಗಿ ‘ತಪ್ಪು ನನ್ನದು’ ಎಂದಿದ್ದರೆ ಬೈಸಿಕೊಳ್ಳುತ್ತಿದ್ದೆ, ಅಷ್ಟೇ. ಹೋಗಿ ಕೂತೆ, ಚಹಾ ಬಂತು, ಕುಡಿದೆ. ಮರುದಿನ ನಿಮ್ಮ ಜಾಗಕ್ಕೆ ಬೇರೆಯವರು ಬಂದರು. ನಾನು ಮೀಟಿಂಗಿಗೆ ಮೊದಲೇ ಕಮಿಟ್ ಮಾಡಿದೆ. ಔರಾದಿನ ಕೆಲಸ ಸರಸರ ಸಾಗಿತು. “ನೋಡ್ರಿ, ಆಳು ಬದಲಿ ಮಾಡಿದ್ದಕ್ಕ ಹ್ಯಾಂಗ ಓಡ್ಲತ್ತದ” ಎಂದರು ಮಾಲಕರು. ನಾನು ನಕ್ಕೆ. ಆ ನಗುವನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ — ನಿಮ್ಮ ಮೇಲಿನ ಸುಳ್ಳಿಗೆ ಸಾಕ್ಷಿಯನ್ನೂ ನಾನೇ ಒದಗಿಸಿಕೊಟ್ಟಿದ್ದೆ. ಅದೇ ವಾರ ನೀವು ಪ್ರಜ್ಞಾಳನ್ನು ಶಾಲೆ ಬಿಡಿಸಿ ಭಾಲ್ಕಿಯಲ್ಲಿ ರೈಲು ಹತ್ತಿದಿರಂತೆ.

ಹೋದ ತಿಂಗಳು ಅದೇ ಭಾಲ್ಕಿ ಸ್ಟೇಷನ್ನಿನಲ್ಲಿ ನೀವೇ ನನ್ನ ಗುರುತು ಹಿಡಿದಿರಿ. ಯಾವುದೋ ಮದುವೆ ಮುಗಿಸಿಕೊಂಡು ಹೈದರಾಬಾದಿಗೆ ಹೊರಟಿದ್ದಿರಿ. ನಾನು ಮುಖ ತಿರುಗಿಸಲು ನೋಡಿದ್ದೆ, ನೀವು “ಸರ್, ಆರಾಮ ಇದ್ದೀರಿಲ್ಲ?” ಎಂದು ಹತ್ತಿರ ಬಂದಿರಿ. ಪ್ರಜ್ಞಾಳ ಬಗ್ಗೆ ಕೇಳಿದೆ. ಹೈದರಾಬಾದಿನಲ್ಲಿ ಮತ್ತೆ ಶಾಲೆಗೆ ಸೇರಿದ್ದಳು, ಹತ್ತನೆಯದು ಪಾಸಾಗಿದ್ದಳು, ಕಂಪ್ಯೂಟರ್ ಓದುತ್ತೇನೆಂದು ಹಟ ಹಿಡಿದಿದ್ದಳು.

“ನಾನೇ ಬ್ಯಾಡ ಅಂದೀನ್ರಿ ಸರ್. ನಮ್ ಕೈಗಿ ಅದು ಕೂಡಿ ಬರಂಗಿಲ್ಲ. ನಂದು ನೋಡಿದ್ರಿಲ್ಲ ನೀವು — ನನ್ ಕೈ ನಿಧಾನ ಅಂತ ಜನ ನೀರಿಲ್ದೆ ಕುಂತ್ರು. ಆ ಪಾಪ ಅಕಿಗಿ ಯಾಕ?”

ಇಷ್ಟು ವರ್ಷ ನೀವು ಅದನ್ನು ನಿಮ್ಮ ಪಾಪವೆಂದೇ ಹೊತ್ತಿದ್ದಿರಿ. ಆಗಲಾದರೂ — ಆಗಲಾದರೂ ಹೇಳಬಹುದಿತ್ತು. ರೈಲು ಬಂತು. ನಿಮ್ಮ ಚೀಲ ಎತ್ತಿಕೊಟ್ಟೆ. ಅದಕ್ಕೂ ನೀವು ಉಪಕಾರ ಎಂದಿರಿ.

ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ, ಕೇಳುವುದೂ ಇಲ್ಲ. ಸ್ಟೇಷನ್ನಿನಲ್ಲಿ ನೀವು ಹೇಳಿದ ವಿಳಾಸ ಹಿಡಿದು ಭಾನುವಾರ ಹೈದರಾಬಾದಿಗೆ ಬರುತ್ತಿದ್ದೇನೆ. ಪ್ರಜ್ಞಾ ಮನೆಯಲ್ಲಿರಲಿ. ಅವಳ ತಾಯಿ ಆ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದ್ದಳೆಂದು ಅವಳ ಎದುರಿಗೇ ಹೇಳಬೇಕು. ನೀವು ಬಾಗಿಲು ಹಾಕಿಕೊಂಡರೆ ಓಣಿಯಲ್ಲಿ ನಿಂತೇ ಹೇಳುತ್ತೇನೆ, ಅಕ್ಕಪಕ್ಕದವರೂ ಕೇಳಲಿ.