ವೀರಗಲ್ಲಿನ ಕೆಳಗಿನ ಸಾಲು

“ಮಾಸ್ತರ್, ಕಲ್ಲಿಗೆ ಹೊಸ ಅಂಗಿ ತೊಡಿಸೇನಿ, ಛಲೋ ಕಾಣಾಕತ್ತೇತಿ ನೋಡ್ರಿ!” ಎಂದು ಕುಂಚ ಹಿಡಿದು ನಿಂತಿದ್ದ ಪಂಚಾಯಿತಿ ಸದಸ್ಯ ನಕ್ಕ. ಬೀಳಗಿ ತಾಲ್ಲೂಕಿನ ನಮ್ಮೂರಿನ ಅಗಸಿಬಾಗಿಲಲ್ಲಿರುವ ಹಳೆಯ ವೀರಗಲ್ಲಿಗೆ ಆತ ಹಸಿರು ಆಯಿಲ್ ಪೇಂಟ್ ಬಳಿದಿದ್ದ. ಕೆತ್ತಿದ ಅಕ್ಷರಗಳೆಲ್ಲ ಮುಚ್ಚಿಹೋಗಿದ್ದವು. ಬಣ್ಣ ಬಳಿಯಬಾರದೆಂದು ಎರಡು ಬಾರಿ ನಾನು ಕೊಟ್ಟಿದ್ದ ಮನವಿಯನ್ನು ಇದೇ ಮನುಷ್ಯ ಮಡಚಿ ಚಹಾದ ಲೋಟದ ಕೆಳಗಿಟ್ಟದ್ದನ್ನು ನಾನು ಮರೆತಿಲ್ಲ. ಜನ ಸೇರುವಷ್ಟು ದನಿಯೇರಿಸಿ ಅವನನ್ನು ಖಂಡಿಸಿದೆ.

ಪ್ರತಿ ಸೋಮವಾರ ಆ ಕಲ್ಲಿಗೆ ಎಣ್ಣೆ ಹಚ್ಚುವ ವೃದ್ಧೆ ಗಂಗವ್ವ, ಡೀಸೆಲ್‌ನಲ್ಲಿ ಅದ್ದಿದ ಅರಿವೆಯಿಂದ ಹಸಿ ಬಣ್ಣವನ್ನು ಒರೆಸತೊಡಗಿದ್ದಳು. ತಲೆಯೆತ್ತದೆಯೇ ಹೇಳಿದಳು: “ಬಣ್ಣ ತಿಕ್ಕಿದ್ರ ಹೋಗತೇತ್ರೀ ಮಾಸ್ತರ. ಬುಡಕ ನೀವು ಹಾಕಿಸಿದ ಸಿಮೆಂಟ್ ಹೆಂಗ ತಿಕ್ಕಲಿ? ಕೆಳಗಿನ ಸಾಲು ಅವತ್ತ ಹೋತು.”

ನಿವೃತ್ತನಾದ ವರ್ಷ, ಕಲ್ಲು ವಾಲದಿರಲೆಂದು ಅದರ ಸುತ್ತ ಕಟ್ಟೆ ಕಟ್ಟಿಸಿದವನು ನಾನೇ. ಸತ್ತ ವೀರನ ಹೆಸರಿದ್ದುದು ಆ ಕೆಳಗಿನ ಸಾಲಿನಲ್ಲಿ. ಅದನ್ನು ನಾನು ಬರೆದಿಟ್ಟುಕೊಂಡಿರಲಿಲ್ಲ.

ಮೇಲಿನ ಅಕ್ಷರಗಳು ಮರುದಿನ ಮತ್ತೆ ಕಂಡವು. ಸದಸ್ಯನ ಮೇಲಿನ ಸಿಟ್ಟು ನನ್ನಲ್ಲಿ ಹಾಗೆಯೇ ಇದೆ. ಆದರೆ ಮೂರನೆಯ ಮನವಿ ಬರೆಯಲು ಕುಳಿತಾಗ, ಸಿಮೆಂಟಿನ ಸಂಗತಿಯನ್ನೇ ಮೊದಲು ಬರೆಯಬೇಕಾಯಿತು.