ಮೋಡೆಮ್ ಎತ್ತಬೇಕಿದ್ದ ಫೋನು

ಲಷ್ಕರ್ ಮೊಹಲ್ಲಾದ ಊದುಬತ್ತಿ ಅಂಗಡಿಯಲ್ಲಿ ಇಂಟರ್ನೆಟ್ ಕೈಕೊಟ್ಟಾಗಲೆಲ್ಲ, ಅದನ್ನು ನೋಡಿಕೊಳ್ಳುವ ನಾನೇ ಓಡಬೇಕಿತ್ತು. ಮನೆಯಿಂದಲೇ ಸರಿಮಾಡಲು ದಾರಿಯಿರಲಿ ಎಂದು ರೌಟರಿನ ಆಕ್ಸಿಲರಿ ಪೋರ್ಟಿಗೆ ಒಂದು ಮೋಡೆಮ್ ಸಿಕ್ಕಿಸಿ, ಅವರ ಹಳೇ ಲ್ಯಾಂಡ್‌ಲೈನಿಗೆ ಜೋಡಿಸಿದೆ. ನೆಟ್ ಇಲ್ಲದಿದ್ದರೂ ಆ ನಂಬರಿಗೆ ಡಯಲ್ ಮಾಡಿ, ಮೋಡೆಮ್ ಫೋನೆತ್ತಿದರೆ, ನನ್ನ ಕಂಪ್ಯೂಟರಿನಿಂದಲೇ ರೌಟರಿನೊಳಗೆ ಹೋಗಬಹುದು.

"ಈ ಫೋನ್ ಎಷ್ಟು ಬಡ್ಕೊಂಡ್ರೂ ಎತ್ಬೇಡಿ, ಮೋಡೆಮ್ಮೇ ಎತ್ತುತ್ತೆ" ಎಂದು ಮಾಲೀಕರಾದ ರುದ್ರಪ್ಪನವರಿಗೆ ಹೇಳಿ ಬಂದೆ.

ಮನೆಗೆ ಬಂದು ಡಯಲ್ ಮಾಡಿದರೆ, "ಹಲೋ, ಯಾರು?" ರುದ್ರಪ್ಪನವರೇ!

"ಎತ್ಬೇಡಿ ಅಂದಿದ್ನಲ್ಲಾ ಸಾರ್!"

"ಫೋನ್ ಮಾಡ್ದೋರ್ನ ಕಾಯಿಸ್ಬಾರ್ದು ಕಣ್ರೀ."

ಮತ್ತೆ ಹೋಗಿ, ಮೊದಲ ರಿಂಗಿಗೇ ಎತ್ತುವಂತೆ ಮೋಡೆಮ್ಮಿಗೆ ಕಲಿಸಿ ಬಂದೆ.

ಮೊನ್ನೆ ನೆಟ್ ಹೋಯಿತು. ಡಯಲ್ ಮಾಡಿದೆ, ರೌಟರ್ ಪಾಸ್‌ವರ್ಡ್ ಕೇಳಿತು! ಕುಣಿಯುವಷ್ಟು ಖುಷಿಯಾಯಿತು. ಕೂತಲ್ಲೇ ಸರಿಮಾಡಿದೆ. ತಕ್ಷಣ ಮೊಬೈಲಿಗೆ ರುದ್ರಪ್ಪನವರ ಫೋನು.

"ನೆಟ್ ಬಂತು ಕಣ್ರೀ. ಆದ್ರೆ ಫೋನ್ ತಂತೀಲೇ ಅಂಗ್ಡಿವರ್ಗೂ ಬಂದು, ಕಾಫಿ ಕುಡೀದೇ ಹೊರಟ್ಬುಟ್ರಲ್ಲಾ!"

ಓಡಾಟ ತಪ್ಪಲೆಂದು ಇಷ್ಟೆಲ್ಲ ಮಾಡಿದ್ದ ನಾನು ಸ್ಕೂಟರಿನ ಕೀ ಹುಡುಕತೊಡಗಿದೆ.