ದೀಪಾವಳಿ ಕಳೆಯಲಿ ಎಂದೆ

ಬಾಬು ಮೇಸ್ತ್ರಿ ತೀರಿಕೊಂಡರೆಂದು ಕೇಳಿದಾಗ ನನಗೆ ಮೊದಲು ಆದದ್ದು ಸಂತೋಷ. ದುಃಖ ಆಮೇಲೆ ಬಂತು — ಎಷ್ಟು ಆಮೇಲೆ ಎಂದು ಹೇಳಲೂ ನಾಚಿಕೆಯಾಗುತ್ತದೆ. ಅವರು ಹೆಚ್ಚು ದಿನ ಬಾಳಲಾರರೆಂದು ನಾನು ಮೊದಲೇ ಬರೆದಿಟ್ಟಿದ್ದೆ. ಅವರು ನನ್ನನ್ನು ನೇರವಾಗಿ ಕೇಳಿದ್ದರು. ನಾನು ಸುಳ್ಳು ಹೇಳಿದ್ದೆ.

ಎಂಬತ್ತರ ದಶಕದ ನಡುವಿನ ಮಾತು, ನಾಲ್ಕೈದು ವರ್ಷವಾಯಿತು. ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿನ ಮೇಲೆ ಸಂಶೋಧನೆಗೆ ತೊಡಗಿದ್ದೆ. ಮೂತ್ರ ಕಟ್ಟಿ ಆಸ್ಪತ್ರೆಗೆ ಬಂದ ವಯಸ್ಸಾದ ಗಂಡಸರ ಗ್ರಂಥಿಯಿಂದ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಚೂರುಗಳು ನನ್ನ ಮೇಜಿಗೆ ಬರುತ್ತಿದ್ದವು. ಅವನ್ನು ಮೇಣದಲ್ಲಿ ಹುದುಗಿಸಿ, ಈರುಳ್ಳಿ ಸಿಪ್ಪೆಗಿಂತ ತೆಳುವಾಗಿ ಕೊಯ್ದು, ಗಾಜಿನ ಮೇಲೆ ಹಾಸಿ ಬಣ್ಣ ಕಟ್ಟುತ್ತಿದ್ದೆ. ಕೆಟ್ಟ ಜೀವಕೋಶಗಳು ತಮ್ಮ ಹುಟ್ಟುಗುಣವನ್ನು ಇನ್ನೂ ಉಳಿಸಿಕೊಂಡಿದ್ದರೆ ಅವುಗಳೊಳಗಿನ ಒಂದು ಕಿಣ್ವ ಕಂದು ಬಣ್ಣ ಹಿಡಿಯುತ್ತಿತ್ತು. ಬಣ್ಣ ಹಿಡಿದವರು ಚಿಕಿತ್ಸೆಗೆ ಒಗ್ಗಿ ವರ್ಷಗಟ್ಟಲೆ ಬಾಳುವರು, ಹಿಡಿಯದವರು ಬೇಗ ಹೋಗುವರು — ಇದು ನನ್ನ ಊಹೆ. ಅದು ನಿಜವೇ ಎಂದು ತಿಳಿಯಲು ಒಂದೇ ದಾರಿಯಿತ್ತು: ಕಾಯುವುದು. ಮೂರು ತಿಂಗಳಿಗೊಮ್ಮೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಬಸ್ಸು ಹತ್ತಿ, ಹೆಸರಿನ ಪಟ್ಟಿ ಹಿಡಿದು, ಒಂದೊಂದೇ ಮನೆಯಂಗಳದಲ್ಲಿ ನಿಂತು, ಇದ್ದಾರೆಯೇ ಎಂದು ನೋಡಿ ಬರುವುದು.

ಬಾಬು ಮೇಸ್ತ್ರಿ ಪಾಣೆಮಂಗಳೂರಿನವರು. ಗಾರೆ ಕೆಲಸದವರು. ಅವರ ಗಾಜಿನ ಮೇಲೆ ಬಣ್ಣ ಹಿಡಿಯಲೇ ಇಲ್ಲ. ನಾನು ಮೂರು ಬಾರಿ ಕಟ್ಟಿ ನೋಡಿದೆ. ಮೂರು ಬಾರಿಯೂ ತೊಳೆದ ಬಟ್ಟೆಯಂತೆ ಬೋಳು.

ಆ ಆಗಸ್ಟಿನಲ್ಲಿ ಅವರ ಮನೆಗೆ ಹೋದಾಗ ಚಾವಡಿಯಲ್ಲಿ ಕುಳಿತಿದ್ದರು. ಮೈ ಇಳಿದಿತ್ತು, ದನಿ ಇಳಿದಿರಲಿಲ್ಲ.

"ಬನ್ನಿ ಡಾಕ್ಟ್ರೇ. ಇದ್ದೇನೆ, ಬರ್ಕೊಳ್ಳಿ!"

ನಾನು ಡಾಕ್ಟರಲ್ಲ. ಎಂದೂ ತಿದ್ದಲಿಲ್ಲ — ಆ ಹೆಸರಿನ ರುಚಿ ನನಗೆ ಬೇಕಿತ್ತು.

ಅಂದು ಅವರು ತಮ್ಮ ಅಕ್ಕನ ವಿಷಯ ತೆಗೆದರು. ಕಮಲಕ್ಕ, ಮೂಡುಬಿದಿರೆಗೆ ಕೊಟ್ಟವರು. ಹನ್ನೊಂದು ವರ್ಷದ ಹಿಂದೆ ತಾಯಿಯ ಕೊನೆಗಾಲದಲ್ಲಿ ಜಗಳವಾಗಿತ್ತು. ತಾಯಿಯನ್ನು ತನ್ನಲ್ಲಿಗೆ ಕರೆದೊಯ್ಯುತ್ತೇನೆಂದು ಅಕ್ಕ, ಕಳಿಸುವುದಿಲ್ಲವೆಂದು ತಮ್ಮ. ತಾಯಿ ತೀರಿಕೊಂಡ ದಿನವೇ ಇಬ್ಬರೂ ಅಂಗಳದಲ್ಲಿ ನಿಂತು ಧರ್ಮಸ್ಥಳದ ದೇವರ ಮೇಲೆ ಆಣೆ ಇಟ್ಟುಬಿಟ್ಟರು — ನಿನ್ನ ಮನೆಯ ನೀರು ನನಗೆ ಬೇಡ, ನನ್ನ ಮನೆಯ ನೀರು ನಿನಗೆ ಬೇಡ. ನಮ್ಮ ಕಡೆ ಇಂಥ ಮಾತು ಬರೀ ಮಾತಲ್ಲ. ಇಟ್ಟವರಿಬ್ಬರೂ ಜತೆಯಾಗಿ ಧರ್ಮಸ್ಥಳಕ್ಕೆ ಹೋಗಿ, ತಪ್ಪುಕಾಣಿಕೆ ಹಾಕಿ ಬಿಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರಿಲ್ಲ, ಸಾವಿಗೂ ಇಲ್ಲ, ಹೊಸ್ತಿಲು ತುಳಿಯುವಂತಿಲ್ಲ. ಈಗ ಮಧ್ಯಸ್ಥರ ಮೂಲಕ ಇಬ್ಬರೂ ಒಪ್ಪಿದ್ದರು. ಅಷ್ಟರಲ್ಲಿ ಕಮಲಕ್ಕ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು ಹಾಸಿಗೆ ಹಿಡಿದಿದ್ದರು.

"ನೀವು ನನ್ನ ಮಾಂಸವನ್ನೇ ಕೊಯ್ದು ನೋಡಿದವರು," ಎಂದರು ಮೇಸ್ತ್ರಿ. "ಸತ್ಯ ಹೇಳಿ. ಜೀಪು ಮಾಡಿ ಅಕ್ಕನನ್ನು ಎತ್ತಿಕೊಂಡಾದ್ರೂ ಈಗ್ಲೇ ಹೋಗುವುದಾ, ಅಲ್ಲ ಅವಳ ಕಾಲು ಕೂಡಿ, ದೀಪಾವಳಿ ಕಳೆದ ಮೇಲೆ ಹೋಗುವುದಾ? ನನಗೆ ಅಷ್ಟು ಸಮಯ ಉಂಟಾ?"

ಒಳಗಿನಿಂದ ಅವರ ಹೆಂಡತಿ ಗಿರಿಜಕ್ಕ ಕೂಗಿದರು: "ಹನ್ನೊಂದು ವರ್ಷ ಕೂತವರಿಗೆ ಈಗ ಅರ್ಜೆಂಟ್ ನೋಡಿ! ಊರವರ ಗೋಡೆಗೆಲ್ಲ ತೂಗುಗುಂಡು ಹಿಡೀತಾರೆ, ಇವರ ಕೋಪ ಮಾತ್ರ ವಾರೆ!"

ಮೇಸ್ತ್ರಿ ನಕ್ಕರು. ನಾನೂ ನಕ್ಕೆ. ಆಮೇಲೆ ಹೇಳಿದೆ:

"ಅವಸರ ಏನೂ ಇಲ್ಲ. ದೀಪಾವಳಿ ಕಳೆಯಲಿ."

ಊಹೆ ಸಾಬೀತಾಗುವವರೆಗೆ ರೋಗಿಗೆ ಏನನ್ನೂ ಹೇಳಬಾರದೆಂದು ನನ್ನ ಮಾರ್ಗದರ್ಶಕರು ಹೇಳಿದ್ದು ನಿಜ. ಅದರ ಹಿಂದೆ ಅಡಗಿಕೊಳ್ಳಲಾರೆ. ಗಾಜಿನ ಮೇಲೆ ಕಂಡದ್ದನ್ನು ನಾನು ಹೇಳಬೇಕಾಗಿರಲಿಲ್ಲ. 'ಈಗಲೇ ಹೋಗಿ ಬನ್ನಿ' ಎಂದಿದ್ದರೆ ಸಾಕಿತ್ತು. ಹೇಳಲಿಲ್ಲ, ಏಕೆಂದರೆ — ಬರೆಯುತ್ತೇನೆ, ಬರೆಯಲೇಬೇಕು — ಅವರು ಹೆದರಿ ಬೇರೆ ಆಸ್ಪತ್ರೆಗೆ ಹೋದರೆ, ಔಷಧ ಬದಲಿಸಿದರೆ, ನನ್ನ ಪಟ್ಟಿಯಿಂದ ಒಂದು ಹೆಸರು ಜಾರಿಹೋಗುತ್ತಿತ್ತು. ಅಷ್ಟು ಸ್ವಚ್ಛವಾಗಿ ಬಣ್ಣ ಹಿಡಿಯದೆ ಉಳಿದ ಗಾಜು ನನ್ನಲ್ಲಿ ಇನ್ನೊಂದಿರಲಿಲ್ಲ.

ಅದೇ ತಿಂಗಳು ಒಂದು ಪತ್ರಿಕೆಯಲ್ಲಿ ನನ್ನ ಲೇಖನ ಬಂತು: ರೋಗಿಯಿಂದ ಸತ್ಯ ಮುಚ್ಚಿಡುವ ವೈದ್ಯರು ಸಮಾಜಕ್ಕೆ ಉತ್ತರ ಹೇಳಬೇಕು ಎಂದು. ಬಹಳ ಮಂದಿ ಮೆಚ್ಚಿದರು.

ಮುಂದಿನ ಬಾರಿ ಹೋದದ್ದು ನವೆಂಬರಿನಲ್ಲಿ, ದೀಪಾವಳಿಯ ಮರುವಾರ. ಅಂಗಳಕ್ಕೆ ಚಪ್ಪರ ಹಾಕಿತ್ತು. ಅಂದೇ ಅವರ ಬೊಜ್ಜ — ಹದಿಮೂರನೆಯ ದಿನದ ಊಟ. ಗಿರಿಜಕ್ಕ ನನ್ನನ್ನು ಕಂಡು, "ಹೋದರು ಡಾಕ್ಟ್ರೇ," ಎಂದರು, ಅಷ್ಟೇ. ನನ್ನೊಳಗೆ ಏನೋ ಥಟ್ಟನೆ ಬೆಳಗಿತು. ಸರಿಯಾಯಿತು, ನನ್ನದು ಸರಿಯಾಯಿತು — ನಿಂತಲ್ಲೇ ಪುಸ್ತಕ ತೆರೆದು ಅವರ ಹೆಸರಿನ ಮುಂದೆ ಗುರುತು ಹಾಕಿದೆ.

ತಲೆ ಎತ್ತಿದಾಗ ಕಂಡದ್ದು: ಗೇಟಿನ ಹೊರಗೆ, ರಸ್ತೆಯ ಬದಿಯಲ್ಲಿ, ಬಿಸಿಲಲ್ಲಿ, ಒಬ್ಬ ಹೆಂಗಸು ಸ್ಟೂಲಿನ ಮೇಲೆ ಕುಳಿತಿದ್ದರು. ಒಂದು ಕಾಲು ಚಾಚಿತ್ತು, ಪಕ್ಕದಲ್ಲಿ ಊರುಗೋಲು. ಗಿರಿಜಕ್ಕ ಬೆಲ್ಲ ನೀರು ಹಿಡಿದು ಅಲ್ಲಿಯವರೆಗೂ ಹೋದರು. ಆಕೆ ಲೋಟವನ್ನು ನೋಡಿದರು, ಮುಖ ಬದಿಗೆ ತಿರುಗಿಸಿದರು, ಸೆರಗನ್ನು ಬಾಯಿಗೆ ತುರುಕಿಕೊಂಡರು. ಅಳುವಿನ ದನಿ ತಮ್ಮನ ಅಂಗಳದೊಳಗೆ ಹೋಗಬಾರದೆಂದೋ ಏನೋ —

"ಯಾರೋ ಡಾಕ್ಟ್ರು ಹೇಳಿದ್ರಂತೆ, ಅವಸರ ಇಲ್ಲ ಅಂತ," ಎಂದರು ಕಮಲಕ್ಕ, ದಾಟಿ ಹೋಗುತ್ತಿದ್ದ ನನ್ನನ್ನು ನೋಡಿ. "ನಾನು ತೆವಳಿಕೊಂಡಾದ್ರೂ ಬರ್ತಿದ್ದೆ. ನೀವು ಯಾರು?"

"ಆಸ್ಪತ್ರೆಯಿಂದ," ಎಂದೆ. ಬಸ್ಸು ಬಂತು. ಹತ್ತಿದೆ.

ಪ್ರಬಂಧಕ್ಕೆ ಪದವಿ ಬಂತು. ಬಾಬು ಮೇಸ್ತ್ರಿ ಅದರಲ್ಲಿ ಒಂದು ಸಂಖ್ಯೆ. ನನ್ನ ಊಹೆಗೆ ಬಲ ಕೊಟ್ಟ ಸಂಖ್ಯೆ. ಪತ್ರಿಕೆಗಳಲ್ಲಿ ಬರೆದು ಯಾರನ್ನೆಲ್ಲ ಉತ್ತರ ಕೇಳಿದೆ ನಾನು — ಆಸ್ಪತ್ರೆಗಳನ್ನು, ಅಧಿಕಾರಿಗಳನ್ನು, ಮಂತ್ರಿಗಳನ್ನು. ನನ್ನನ್ನು ಯಾರೂ ಕೇಳಲಿಲ್ಲ. ಪಟ್ಟಿಯಲ್ಲಿದ್ದವರಿಗೆ ಆ ಪಟ್ಟಿ ಯಾತಕ್ಕೆಂಬುದೇ ಗೊತ್ತಿರಲಿಲ್ಲ.

ನಾಲ್ಕು ವರ್ಷದ ಮೇಲೆ, ಕಳೆದ ತಿಂಗಳು, ಮೂಡುಬಿದಿರೆಗೆ ಹೋಗಿ ಕಮಲಕ್ಕನ ಎದುರು ಕುಳಿತು ಎಲ್ಲವನ್ನೂ ಹೇಳಿದೆ. ಗಾಜಿನ ವಿಷಯ, ಬಣ್ಣದ ವಿಷಯ, ಗುರುತು ಹಾಕಿದ ವಿಷಯ. ಅವರು ಬೈಯಬಹುದೆಂದುಕೊಂಡಿದ್ದೆ, ಬೈಯಲೆಂದು ಆಸೆಪಟ್ಟಿದ್ದೆ. ಅವರು ತಮ್ಮ ಕಾಲನ್ನು ಸವರಿಕೊಂಡರು.

"ಅವನ ಮಗನೊಟ್ಟಿಗೆ ಹೋಗಿ ಆಣೆ ಬಿಡಿಸಬಹುದು ಅಂತ ಎಲ್ರೂ ಹೇಳ್ತಾರೆ," ಎಂದರು. "ಬಿಡಿಸಿದ್ರೆ ಆ ಮನೆಯ ನೀರು ಕುಡಿಯಬಹುದು. ನೀರು ಯಾರಿಗೆ ಬೇಕು ಮಗಾ? ತಮ್ಮ ಕೊಡ್ಬೇಕಿತ್ತು."

ಕ್ಷಮೆ ಕೇಳಬೇಕೆಂದು ಹೋಗಿದ್ದೆ. ಕೇಳದೆ ಎದ್ದು ಬಂದೆ.